ಗಂಗಮ್ಮನ ಅಸ್ತರ

ಕಾಲುವೆಯೂ ಸೋರುತ್ತದೆ, ಕೂಸೂ ಸೋರುತ್ತದೆ. ಇದು ಸರ್ಕಾರಕ್ಕೂ ತಾಯಂದಿರಿಗೂ ಮೊದಲಿನಿಂದ ಗೊತ್ತಿರುವ ಸಂಗತಿ. ಎರಡಕ್ಕೂ ಇರುವ ಉಪಾಯ ಒಂದೇ, ಕೆಳಗೆ ಅಸ್ತರ ಹಾಕುವುದು. ಸುರಪುರ, ಶಹಾಪುರದ ಕಡೆ ದರ್ಜಿ ಕೋಟಿನ ಒಳಗೆ ಹೊಲಿಯುವ ಬಟ್ಟೆಗೂ ಅಸ್ತರ ಎನ್ನುತ್ತಾರೆ, ಕಾಲುವೆಯ ತಳಕ್ಕೆ ಸಿಮೆಂಟಿನ ಅಡಿ ಹಾಸುವ ಕರಿ ಪ್ಲಾಸ್ಟಿಕ್ ಹಾಳೆಗೂ ಅಸ್ತರ ಎನ್ನುತ್ತಾರೆ. ನಿಜಾಮರು ಹೋದರೂ ಅವರ ಮಾತು ಉಳಿದಿದೆ. ಒಂದೇ ಮಾತಿನಲ್ಲಿ ಎರಡು ಕೆಲಸ ತೆಗೆಯುವ ಮಿತವ್ಯಯ ಈ ಸೀಮೆಯ ಜನಕ್ಕೆ ಹುಟ್ಟಿನಿಂದಲೇ ಬಂದದ್ದು.

ಮಿತವ್ಯಯದ ಮಾತು ಬಂದ ಮೇಲೆ ದ್ಯಾವಪ್ಪನ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ದ್ಯಾವಪ್ಪ ಕಾಲುವೆ ಕ್ಯಾಂಪಿನ 'ಉಪಕಾಲುವೆ ಅಸ್ತರ ಹಾಗೂ ಸೋರಿಕೆ ನಿವಾರಣಾ ಕಚೇರಿ'ಯಲ್ಲಿ ಗುಮಾಸ್ತ. ಬಂದ ಟಪಾಲಿನ ಲಕೋಟೆಯನ್ನು ಒಳಮಗ್ಗುಲು ತಿರುವಿ ಅಂಟಿಸಿ ಮತ್ತೆ ಕಳಿಸುವ ಪದ್ಧತಿಯನ್ನು ಕಚೇರಿಗೆ ತಂದವನು ಅವನೇ. ಎಂಜಲು ಕೈಯಲ್ಲಿ ಕಾಗೆ ಓಡಿಸದವ ಎಂದು ಜೊತೆಯವರು ಆಡಿಕೊಂಡರೆ ಅವನಿಗೆ ಬೇಸರವೇನೂ ಆಗುತ್ತಿರಲಿಲ್ಲ. ಓಡಿಸುವುದಿದ್ದರೆ ಕೈ ತೊಳೆದುಕೊಂಡು ಓಡಿಸಿದರಾಯಿತು, ಅಗಳು ಯಾಕೆ ದಂಡ ಮಾಡಬೇಕು ಎಂದು ಅವನು ಮನಸಾರೆ ಕೇಳುತ್ತಿದ್ದ.

ನಾರಾಯಣಪುರದ ಕಡೆಯಿಂದ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವಾರವೇ ಅವನ ಹೆಂಡತಿ ದೇವಕಮ್ಮ ತವರೂರು ದೋರನಹಳ್ಳಿಯಲ್ಲಿ ಹೆಣ್ಣುಕೂಸು ಹೆತ್ತಳು. ಈ ಕಡೆಯ ರೈತರು ನೀರನ್ನು ನೀರು ಎಂದು ಕರೆಯುವುದಿಲ್ಲ. "ಗಂಗಮ್ಮ ಬಂದ್ಳು" ಎನ್ನುತ್ತಾರೆ, "ಗಂಗಮ್ಮ ಇನ್ನಾ ಊರ ಅಗಸಿ ಬಾಗ್ಲ ದಾಟಿಲ್ಲ" ಎನ್ನುತ್ತಾರೆ. ದೇವಕಮ್ಮನ ಅಪ್ಪ ಅಂಬ್ರಪ್ಪನ ಹೊಲ ಹದಿನೇಳನೇ ಉಪಕಾಲುವೆಯ ಕಟ್ಟಕಡೆಗೆ ಇತ್ತು. ಒಬ್ಬ ಗಂಗಮ್ಮ ಮನೆಗೆ ಬಂದರೆ ಇನ್ನೊಬ್ಬಳು ಹೊಲಕ್ಕೆ ಬಂದಾಳು ಎಂಬ ಆಸೆಯಿಂದ ಮುದುಕ ಮೊಮ್ಮಗಳಿಗೆ ಗಂಗಮ್ಮ ಎಂದು ಹೆಸರಿಟ್ಟ.

ಬಾಣಂತನ ಮುಗಿಸಿ ತಾಯಿ ಮಗಳು ಕ್ಯಾಂಪಿಗೆ ಬರುವ ಹೊತ್ತಿಗೆ ದ್ಯಾವಪ್ಪ ಸಕಲ ಸಿದ್ಧತೆ ಮಾಡಿಕೊಂಡಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ಹಿರಿಯರ ಮಾತನ್ನು ಅವನು ಆದೇಶದಂತೆ ಪಾಲಿಸಿದ್ದ. ಹುಟ್ಟಿದ ಮೇಲೂ ಹೊಲಿಸಬೇಕಾಗಿಲ್ಲ ಎಂದು ಅದಕ್ಕೊಂದು ತಿದ್ದುಪಡಿಯನ್ನೂ ತಂದಿದ್ದ. ಕಾಲುವೆ ಗೇಟಿನ ಚಕ್ರ ಬಂದಿದ್ದ ಮರದ ಪೆಟ್ಟಿಗೆಗೆ ಹಗ್ಗ ಕಟ್ಟಿದ, ಅದು ತೊಟ್ಟಿಲಾಯಿತು. ಖಾಲಿ ಡಬ್ಬಿಯಲ್ಲಿ ಒಂದು ಹಿಡಿ ಜೋಳ ಹಾಕಿ ಮುಚ್ಚಿದ, ಗಿಲಕಿಯಾಯಿತು. ಮುರಿದ ಛತ್ರಿಯ ಕಡ್ಡಿಗಳ ಮೇಲೆ ಹೆಂಡತಿಯ ಹಳೇ ವಾಯಲ್ ಸೀರೆ ಹೊದಿಸಿದ. ಕ್ಯಾಂಪಿನ ಸೊಳ್ಳೆಗಳು ಅದರ ಸುತ್ತ ತಿರುಗಿ ತಿರುಗಿ ಬೇಸತ್ತು ಇಂಜಿನಿಯರ್ ಸಾಹೇಬರ ಮನೆಗೆ ಹೋಗತೊಡಗಿದವು. ಅವನ ಧೋತರ ಲಂಗೋಟಿಯಾಯಿತು, ಹರಳೆಣ್ಣೆ ದೀಪದ ಮಸಿ ಕಾಡಿಗೆಯಾಯಿತು, ಸಾಬೂನಿನ ಜಾಗಕ್ಕೆ ಕಡಲೆ ಹಿಟ್ಟು ಬಂತು. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ ಇವೆಲ್ಲ ಅಂಗಡಿಯ ಮಾಲಿಗಿಂತ ಚೆನ್ನಾಗಿಯೇ ಇದ್ದವು. ದೇವಕಮ್ಮನೂ ಒಳಗೊಳಗೇ ಮೆಚ್ಚಿಕೊಂಡಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಸೋತದ್ದು ಒಂದೇ ಕಡೆ. ಗಂಗಮ್ಮ ತನ್ನ ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳುತ್ತಿದ್ದಳು. ಲಂಗೋಟಿ ತೋಯ್ದು, ಕೌದಿ ತೋಯ್ದು, ಪೆಟ್ಟಿಗೆಯ ಸಂದಿನಿಂದ ನೆಲಕ್ಕೆ ಇಳಿಯುತ್ತಿತ್ತು. ಚಳಿಗಾಲ ಬಂತು. ಕೌದಿ ಒಣಗಲಿಲ್ಲ. ಕೂಸಿಗೆ ನೆಗಡಿಯಾಗಿ ಎದೆ ಗೊರಗೊರ ಎನ್ನತೊಡಗಿತು.

"ರಬ್ಬರ ಹಾಳಿ ತರ್ತೀರೋ, ಇಲ್ಲಾ ನಾ ಕೂಸಿನ್ನ ತಗೊಂಡು ದೋರನಹಳ್ಳಿ ಬಸ್ ಹತ್ಲೋ?" ಎಂದಳು ದೇವಕಮ್ಮ. "ನಿಮ್ಮ ಲಕೋಟಿ ತಿರುವಿ ಅಂಟಿಸಿದಂಗ ಕೂಸಿನ್ನ ತಿರುವಿ ಮಲಗಿಸಾಕ ಆಗಂಗಿಲ್ಲ."

ದ್ಯಾವಪ್ಪನಿಗೆ ಈ ಲೋಕದಲ್ಲಿ ದುಡ್ಡಿಗಿಂತ ಪ್ರೀತಿಯದು ಏನಾದರೂ ಇದ್ದರೆ ಅವೆರಡು ಜೀವ. ಅವನು ಆ ಕ್ಷಣವೇ ಚಪ್ಪಲಿ ಮೆಟ್ಟಿದ. ಸುರಪುರಕ್ಕೆ ಹೋಗಿ ಲಾಡ್ಲೇಸಾಬನ ಅಂಗಡಿಯಲ್ಲಿ ರಬ್ಬರ್ ಹಾಳೆ ತೆಗೆಸಿ ನೋಡಿ, ಬೆಲೆ ಕೇಳಿ, ಕಟ್ಟೆಯ ಮೇಲೆ ಕೂತ.

"ಕೂಸು ಸಣ್ಣದು ಅದ ಲಾಡ್ಲೇಸಾಬ. ಭಾವನೂ ಸಣ್ಣದು ಮಾಡ್ರಿ."

"ಕೂಸು ಸಣ್ಣದಿರಬಹುದ್ರಿ ದ್ಯಾವಪ್ಪನವರ. ಉಚ್ಚಿ ದೊಡ್ಡೋರದ್ದೇ."

"ಹಂಗಾದ್ರ ಬಾಡಿಗಿಗಿ ಕೊಡ್ರಿ. ಕೂಸು ನಡಿಯಾಕ ಹತ್ತಿದ ಮ್ಯಾಲ ತೊಳದು ತಂದು ಕೊಡ್ತೀನಿ."

ಲಾಡ್ಲೇಸಾಬ ಹಾಳೆಯನ್ನು ಮಡಚಿಟ್ಟ. "ನಿಮಗ ಇದನ್ನ ಪುಕ್ಕಟೆ ಕೊಟ್ಟರೂ ಮ್ಯಾಲ ಒಂದು ಸಂಚಿ ಕೇಳ್ತೀರಿ. ಅಲ್ಲಾ ಸಾಹೇಬ್ರ, ನಿಮ್ಮ ಕಾಲುವಿ ಕರಿ ಹಾಳಿ ಬಿಟ್ಟು ನನ್ನ ಜೀವ ಯಾಕ ತಿಂತೀರಿ? ಹೊರಗ ಹೊಳ್ಳಿ ನೋಡ್ರಿ."

ದ್ಯಾವಪ್ಪ ಹೊರಳಿ ನೋಡಿದ. ಸಂತೆ ಕೂಡಿತ್ತು. ಉಳ್ಳಾಗಡ್ಡಿಯ ರಾಶಿಗೆ ಕರಿ ಹಾಳೆ, ಚಹಾದಂಗಡಿಗೆ ಕರಿ ಹಾಳೆ, ಮೇವಿನ ಬಣಿವೆಗೆ, ಎತ್ತಿನ ಗಾಡಿಗೆ, ಬಳೆಗಾರನ ನೆರಳಿಗೆ ಕರಿ ಹಾಳೆ. ಎಲ್ಲದರ ಅಂಚಿಗೂ ಅವನ ಕಚೇರಿಯ ಬಿಳಿ ಮುದ್ರೆ. ಮೂಲೆಯಲ್ಲಿ ಒಬ್ಬ ಅದನ್ನು ಮೊಳದ ಲೆಕ್ಕದಲ್ಲಿ ಕತ್ತರಿಸಿ ಮಾರುತ್ತಿದ್ದ. ಕಾಲುವೆಯ ತಳಕ್ಕೆಂದು ಕಚೇರಿಯಿಂದ ಹೊರಟ ಹಾಳೆ ಇಷ್ಟು ಜನರ ತಲೆಯ ಮೇಲೆ ಬಂದಿರುವುದನ್ನು ಕಂಡು ದ್ಯಾವಪ್ಪನಿಗೆ ಮೊದಲು ಹೊಳೆದದ್ದು ಭ್ರಷ್ಟಾಚಾರ ಎಂಬ ಮಾತಲ್ಲ, ಅಗ್ಗ ಎಂಬ ಮಾತು. ಅವನು ತೊಟ್ಟಿಲಿಗೆ ಸಾಕಾಗುವಷ್ಟು ತುಂಡನ್ನು ಚೌಕಾಸಿ ಮಾಡಿ, ಅಂಚಿನ ಚೂರನ್ನು ಮೇಲೆ ಹಾಕಿಸಿಕೊಂಡು, ರೊಕ್ಕ ಕೊಟ್ಟು ತಂದ. ಆ ಹಾಳೆಗೆ ರೊಕ್ಕ ಕೊಟ್ಟ ಸರ್ಕಾರಿ ನೌಕರ ಇಡೀ ತಾಲ್ಲೂಕಿನಲ್ಲಿ ಅವನೊಬ್ಬನೇ ಎಂದು ಕಾಣುತ್ತದೆ.

ದೇವಕಮ್ಮ ಹಾಳೆಯನ್ನು ಕೌದಿಯ ಅಡಿಗೆ ಹಾಸಿದಳು. ಕೂಸಿನ ಎದೆ ತಿಳಿಯಾಯಿತು, ನೆಲ ಒಣಗಿತು. ಪಕ್ಕದ ಮನೆಯ ಮಸ್ತಾನಬಿ ಬಂದು ತೊಟ್ಟಿಲ ಕೆಳಗೆ ಕೈಯಾಡಿಸಿ ನೋಡಿ, "ಏನ್ ಅಸ್ತರ ಹಾಕೀದಿ ತಂಗಿ! ಗಂಗಮ್ಮ ಒಂದ್ ಹನಿ ಸೋರಂಗಿಲ್ಲ" ಎಂದು ಹೊಗಳಿದಳು. ವಾರದೊಳಗೆ ಆ ಮಾತು ಕ್ಯಾಂಪಿನ ಹೆಂಗಸರ ಬಾಯಲ್ಲೆಲ್ಲ ಓಡಾಡಿತು. ದ್ಯಾವಪ್ಪನ ಸಂಸಾರ ನೆಮ್ಮದಿಯಾಗಿತ್ತು.

ಇತ್ತ ಹದಿನೇಳನೇ ಉಪಕಾಲುವೆಯ ಸಂಸಾರ ಅಷ್ಟು ನೆಮ್ಮದಿಯಾಗಿರಲಿಲ್ಲ. ಅದಕ್ಕೆ ಬಿಟ್ಟ ನೀರು ಅರ್ಧ ದಾರಿಗೆ ಹೋಗಿ ಭೂಮಿಯೊಳಗೆ ಇಳಿದುಬಿಡುತ್ತಿತ್ತು. ಇಳಿದ ಜಾಗದಲ್ಲಿ ಜವುಗು ನಿಂತು, ಹೊಸ ಕೆರೆ ಕಟ್ಟಿಸಿದ್ದಾರೆಂದು ತಿಳಿದು ಬೋನಾಳ ಕೆರೆಯ ಹಕ್ಕಿಗಳು ಬಂದು ಇಳಿದವು. ಕಚೇರಿ ಇದನ್ನು 'ಪಕ್ಷಿಗಳಿಗೆ ಒದಗಿಸಿದ ಹೆಚ್ಚುವರಿ ಸೌಲಭ್ಯ' ಎಂದು ತನ್ನ ಸಾಧನೆಗಳಲ್ಲಿ ಸೇರಿಸಿತು. ಕಡೆಯ ಹೊಲದವರಿಗೆ ಮಾತ್ರ ಹನಿ ನೀರು ಹೋಗಲಿಲ್ಲ. ಅಂಬ್ರಪ್ಪ ಊರವರನ್ನು ಕರೆದುಕೊಂಡು ಹೋಗಿ ಮೇಲಿನವರಿಗೆ ತಕರಾರು ಕೊಟ್ಟ. ಅಳಿಯ ಅದೇ ಕಚೇರಿಯಲ್ಲಿದ್ದಾನೆಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅಳಿಯ ಬೇರೆ, ನೀರು ಬೇರೆ ಎಂದು ಅವನು ತಿಳಿದಿದ್ದ.

ಮೇಲಿನಿಂದ ಸೋರಿಕೆ ಪರಿವೀಕ್ಷಕರು ಬರುತ್ತಾರೆಂದು ಸುದ್ದಿ ಬಂದ ದಿನ ಕಚೇರಿಯ ಹಲಗೆಯ ಮೇಲೆ ಇಂಜಿನಿಯರ್ ಮರಿಲಿಂಗಪ್ಪ ಸಾಹೇಬರ ಪ್ರಕಟಣೆ ಬಿತ್ತು: "ಸಮಸ್ತ ನೌಕರರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಅಸ್ತರದ ಹಾಳೆ ಎಲ್ಲಿದೆ ಎಂಬ ವಿಷಯ ಯಾರಿಗೂ ತಿಳಿದಿರತಕ್ಕದ್ದಲ್ಲ. ತಿಳಿದವರು ಸದರಿ ದಿನ ರಜೆಯ ಮೇಲೆ ಹೋಗತಕ್ಕದ್ದು."

ಸದರಿ ದಿನ ಕಚೇರಿ ಬಣಬಣ ಎನ್ನುತ್ತಿತ್ತು. ಕಸಗುಡಿಸುವ ದುರಗಮ್ಮನೂ ರಜೆ ಹಾಕಿದ್ದಳು. ತಿಳಿದ ನೌಕರರಲ್ಲಿ ದ್ಯಾವಪ್ಪ ಮಾತ್ರ ಬಂದಿದ್ದ. ರಜೆ ಎಂಬುದು ಕೂಡಿಡುವ ವಸ್ತು, ಇಂಥ ಸಣ್ಣ ಕಾರಣಕ್ಕೆಲ್ಲ ಖರ್ಚು ಮಾಡುವುದಲ್ಲ ಎಂಬುದು ಅವನ ಧೋರಣೆಯಾಗಿತ್ತು.

ಪರಿವೀಕ್ಷಕರು ಬೆಂಗಳೂರು ಕಡೆಯವರು. ಈ ಕಡೆ ಬರುತ್ತ ಜೀಪಿನಲ್ಲಿಯೇ ಚಾಲಕನಿಂದ ಇಲ್ಲಿಯ ಮಾತು ನಾಲ್ಕು ಕಲಿತಿದ್ದರು. ನೀರಿಗೆ ಇಲ್ಲಿ ಗಂಗಮ್ಮ ಎನ್ನುತ್ತಾರೆಂದು ತಿಳಿದು ಅವರ ಮನಸ್ಸು ತುಂಬಿ ಬಂದಿತ್ತು. ಅವರು ಮೇಜಿನ ಮುಂದೆ ಕೂತು, ಉಳಿದಿದ್ದ ಮೂರು ಮತ್ತೊಂದು ಮಂದಿಯನ್ನು ನೋಡಿ, "ಹದಿನೇಳನೇ ಉಪಕಾಲುವೆಗೆ ಕೊಟ್ಟ ಅಸ್ತರ ಎಲ್ಲಿದೆ?" ಎಂದು ಕೇಳಿದರು.

ಮರಿಲಿಂಗಪ್ಪ ಸಾಹೇಬರು ಫ್ಯಾನು ನೋಡಿದರು. ಉಳಿದವರು ಮರಿಲಿಂಗಪ್ಪ ಸಾಹೇಬರನ್ನು ನೋಡಿದರು. ಪರಿವೀಕ್ಷಕರ ಕಣ್ಣು ಒಬ್ಬೊಬ್ಬರನ್ನೇ ದಾಟಿ ದ್ಯಾವಪ್ಪನ ಮೇಲೆ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಮನುಷ್ಯ ಸ್ವಭಾವ. ದ್ಯಾವಪ್ಪನಿಗೆ ತೊಟ್ಟಿಲು ಕಂಡಿತು, ಬಿಳಿ ಮುದ್ರೆ ಕಂಡಿತು, ನೌಕರಿ ಹೋಗಿ ಕ್ವಾರ್ಟರ್ಸು ಬಿಟ್ಟು ಹೆಂಡತಿ ಕೂಸಿನೊಂದಿಗೆ ರಸ್ತೆಯ ಮೇಲೆ ನಿಂತದ್ದೂ ಕಂಡಿತು. ಅವನು ಎದ್ದು ನಿಂತು ಕೈ ಮುಗಿದ.

"ಗಂಗಮ್ಮನ ಕೆಳಗ ಅದರಿ ಸಾಹೇಬ್ರ."

ಪರಿವೀಕ್ಷಕರ ಮುಖ ಅರಳಿತು. "ಹಾಸಿ ಆಗಿದೆಯೇ?"

"ಹಾಸಿ ತಿಂಗಳಾತ್ರಿ. ಒಂದ್ ಹನೀನೂ ಸೋರಂಗಿಲ್ಲ."

"ಯಾರು ಹಾಸಿದ್ದು?"

"ನಮ್ಮ ಮನಿಯಾಕೀನೇ ಹಾಸ್ಯಾಳ್ರಿ. ಆಕಿದು ತಪ್ಪಿಲ್ಲರಿ, ಏನಿದ್ರೂ ನಂದು."

"ತಪ್ಪೇ? ಇದು ಮಹಿಳಾ ಸಹಭಾಗಿತ್ವ!" ಎಂದು ಪರಿವೀಕ್ಷಕರು ಎದ್ದೇ ನಿಂತರು. ಸೋರಿಕೆ ಹುಡುಕುತ್ತ ಇಷ್ಟು ವರ್ಷ ಊರೂರು ತಿರುಗಿದ್ದ ಅವರಿಗೆ ಅಸ್ತರ ಎಲ್ಲಿದೆಯೆಂದು ನೇರವಾಗಿ ಹೇಳಿದ ಮೊದಲ ನೌಕರ ಇವನು. ಕೂತಲ್ಲಿಯೇ ಬೆಂಗಳೂರಿಗೆ ತಂತಿ ಬರೆಸಿದರು: ಹದಿನೇಳನೇ ಉಪಕಾಲುವೆಯ ಅಸ್ತರ ಗಂಗಮ್ಮನ ಕೆಳಗೆ ಯಥಾಸ್ಥಿತಿಯಲ್ಲಿದೆ, ಸ್ಥಳೀಯ ಮಹಿಳೆಯೇ ಹಾಸಿದ್ದಾಳೆ, ಸೋರಿಕೆ ಶೂನ್ಯ. ತಂತಿ ಹೋದ ಮೇಲೆ, "ನಡೆಯಿರಿ, ಕಣ್ಣಿಂದ ನೋಡಿಬಿಡೋಣ" ಎಂದರು.

ದ್ಯಾವಪ್ಪ ಅವರನ್ನು ಮನೆಗೆ ಕರೆದುಕೊಂಡು ಬಂದ.

ಪರಿವೀಕ್ಷಕರು ತೊಟ್ಟಿಲು ನೋಡಿದರು, ಛತ್ರಿಯ ಪರದೆ ನೋಡಿದರು, ಒಳಗೆ ಡಬ್ಬಿ ಆಡಿಸುತ್ತ ಮಲಗಿದ್ದ ಕೂಸನ್ನು ನೋಡಿದರು.

"ಇದು ಯಾರು?"

"ಗಂಗಮ್ಮ್ರಿ," ಎಂದಳು ದೇವಕಮ್ಮ ಸೆರಗು ಹೊದ್ದು.

ಪರಿವೀಕ್ಷಕರ ಸಂಕಟ ಸಣ್ಣದಲ್ಲ. ತಂತಿ ಹೋಗಿಯಾಗಿದೆ. ಹೋದ ವರದಿಯನ್ನು ಹಿಂಪಡೆಯಬೇಕಾದರೆ ಹಿಂಪಡೆದದ್ದಕ್ಕೆ ಕಾರಣ ಕೊಡಬೇಕು, ಕಾರಣಕ್ಕೆ ಸಮಜಾಯಿಷಿ ಕೊಡಬೇಕು, ಸಮಜಾಯಿಷಿಯನ್ನು ವಿಚಾರಿಸಲು ಇನ್ನೊಬ್ಬ ಪರಿವೀಕ್ಷಕರು ಬರಬೇಕು. ವರದಿ ತಪ್ಪಾಗಿರಲಾರದು ಎಂದ ಮೇಲೆ ಸ್ಥಳವೇ ವರದಿಗೆ ಹೊಂದಿಕೊಳ್ಳಬೇಕು. ಅವರು ಕೌದಿ ಎತ್ತಿ ಹಾಳೆಯ ಮೇಲಿನ ಮುದ್ರೆ ಓದಿದರು. ಬಗ್ಗಿ ತೊಟ್ಟಿಲ ಅಡಿಗೆ ಕೈಯಾಡಿಸಿದರು, ಒಣಗಿತ್ತು.

"ಗಂಗಮ್ಮ ಇದ್ದಾಳೆ, ಮುದ್ರೆ ಇದೆ, ಸೋರಿಕೆ ಇಲ್ಲ," ಎಂದರು. "ಉಪಕಾಲುವೆ ಅಂತ ಅನ್ನಿಸಿಕೊಳ್ಳಲು ಇನ್ನೇನು ಬೇಕು? ಆದರೆ ಮರಿಲಿಂಗಪ್ಪನವರೇ, ಹಾಳೆ ಕೊಟ್ಟದ್ದು ಮೈಲಿಗಟ್ಟಲೆ. ಇಲ್ಲಿರುವುದು ತುಂಡು."

ಮರಿಲಿಂಗಪ್ಪ ಸಾಹೇಬರಿಗೆ ಅಷ್ಟು ಹೊತ್ತಿಗೆ ಜೀವ ಬಂದಿತ್ತು. "ಬದಲಿ ಮಾಡಬೇಕಾಗ್ತದ್ರಿ ಸರ್. ದಿನಾ ತೋಯ್ತದ."

"ಇಷ್ಟು ಸಣ್ಣ ಕೂಸು, ಮೈಲಿಗಟ್ಟಲೆಯೇ?"

"ಭಾಳ ಚಟುವಟಿಕಿ ಕೂಸು ಅದರಿ."

ಪರಿವೀಕ್ಷಕರು ಒಪ್ಪಿಕೊಂಡರು. ಒಂದೇ ಒಂದು ವಿಧಿ ಬಾಕಿ ಉಳಿಯಿತು. ನಿಯಮದ ಪ್ರಕಾರ, ನೀರು ತಲುಪಿದೆ ಎಂದು ಕಾಲುವೆಯ ಕಡೆಯ ಹೊಲದವನು ಪರಿವೀಕ್ಷಕರ ಮುಂದೆ ಬಾಯಿಬಿಟ್ಟು ಹೇಳಬೇಕು. ಕಡೆಯ ಹೊಲದವನು ಎಂದರೆ ಅಂಬ್ರಪ್ಪ. ನಾಳೆಗೆ ಅವನನ್ನು ಕರೆಸಿ ಎಂದು ಹೇಳಿ ಅವರು ವಿಶ್ರಾಂತಿಗೆ ಹೋದರು.

ಮರಿಲಿಂಗಪ್ಪ ಸಾಹೇಬರು ದ್ಯಾವಪ್ಪನನ್ನು ಬಾಗಿಲ ಹೊರಗೆ ಕರೆದು ಹೆಗಲ ಮೇಲೆ ಕೈಯಿಟ್ಟರು. "ನೋಡು ದ್ಯಾವಪ್ಪ, ಈಗ ಎಲ್ಲಾ ಹಾಳಿ ನಿನ್ನ ಮನ್ಯಾಗ ಅದ. ನಿಮ್ಮ ಮಾವ ಹೂಂ ಅಂದ್ರ ಅದು ಕಾಲುವಿ. ಅಲ್ಲಾ ಅಂದ್ರ ಅದು ಕಳವು. ಜಲ್ದಿ ವಿಚಾರ ಮಾಡು."

ದ್ಯಾವಪ್ಪನಿಗೆ ಅನ್ನ ಸೇರಲಿಲ್ಲ. ಮಾವನ ಸ್ವಭಾವ ಅವನಿಗೆ ಗೊತ್ತಿತ್ತು. ಕುರಿ ಮಾರುವಾಗಲೂ ಅದರ ಕುಂಟು ತೋರಿಸಿ ಮಾರುವ ಮನುಷ್ಯ ಅಂಬ್ರಪ್ಪ. ದೇವಕಮ್ಮ ಕೂಸಿಗೆ ಹಾಲು ಕುಡಿಸುತ್ತ ಗೋಡೆ ನೋಡುತ್ತಿದ್ದಳು.

"ನಮ್ಮಪ್ಪ ಸುಳ್ಳು ಹೇಳಂಗಿಲ್ಲ," ಎಂದಳು. "ನಾ ಹೇಳು ಅನ್ನಂಗಿಲ್ಲ. ನೀರಿಗಿ ಬಾಯಿ ತೆರಕೊಂಡು ಕುಂತಾನ ಅಂವ. ನೀರು ಬಂತು ಅಂತ ಒಮ್ಮೆ ಹೇಳಿದ್ರ ಮುಂದ ಯಾವ ಬಾಯಿಲೆ ಕೇಳ್ತಾನ?" ಅಷ್ಟು ಹೇಳಿ ಅವಳು ಅತ್ತಳು. ದ್ಯಾವಪ್ಪನಿಗೂ ಅಳು ಬಂತು. ಒಂದು ರಬ್ಬರ್ ಹಾಳೆ ಬಾಯಿಮುಚ್ಚಿಕೊಂಡು ಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ಅವನು ಜನ್ಮದಲ್ಲಿ ಮೊದಲ ಸಲ ಉಳಿತಾಯಕ್ಕಾಗಿ ಪಶ್ಚಾತ್ತಾಪಪಟ್ಟ.

ಮರುದಿನ ಅಂಬ್ರಪ್ಪ ಬಸ್ಸಿಳಿದು ಬಂದ. ತಕರಾರಿನ ವಿಚಾರಣೆ ಎಂದು ಹಬ್ಬದ ಧೋತರ ಉಟ್ಟಿದ್ದ. ಮಗಳ ಮನೆಯಲ್ಲಿ ಪರಿವೀಕ್ಷಕರು, ಮರಿಲಿಂಗಪ್ಪ ಸಾಹೇಬರು, ಅವರ ಹಿಂದೆ ಕ್ಯಾಂಪಿನ ಅರ್ಧ ಜನ ನಿಂತಿದ್ದನ್ನು ಕಂಡು ಏನೂ ತಿಳಿಯದೆ, ಕೈಕಾಲು ತೊಳೆದು, ರೂಢಿಯಂತೆ ಮೊದಲು ಮೊಮ್ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಮರಿಲಿಂಗಪ್ಪ ಸಾಹೇಬರು ಗಂಟಲು ಸರಿಪಡಿಸಿಕೊಂಡು, ಸರ್ಕಾರ ಈಗ ಹದಿನೇಳನೇ ಉಪಕಾಲುವೆ ಎಂದು ಗುರುತಿಸಿರುವುದು ಆತನ ತೊಡೆಯ ಮೇಲಿರುವ ಗಂಗಮ್ಮನನ್ನೇ ಎಂದು ವಿವರಿಸಿದರು. ಅದು ಕಾಲುವೆ ಅಲ್ಲವೆಂದಾದರೆ ಆತನ ಅಳಿಯನ ಗತಿ ಏನಾಗುತ್ತದೆಂಬುದನ್ನೂ ಮೆತ್ತಗೆ ಸೇರಿಸಿದರು.

ಅಂಬ್ರಪ್ಪ ಅಳಿಯನನ್ನು ನೋಡಿದ. ಅಳಿಯ ನೆಲ ನೋಡುತ್ತಿದ್ದ. ಮಗಳನ್ನು ನೋಡಿದ. ಅವಳು ಅಡಿಗೆಮನೆಯ ಬಾಗಿಲಿಗೆ ಮುಖ ಆನಿಸಿ ನಿಂತಿದ್ದಳು.

"ಹೇಳಿ ಯಜಮಾನರೇ," ಎಂದರು ಪರಿವೀಕ್ಷಕರು. "ಕಡೆಯ ಹೊಲದವರು ನೀವು. ನಿಮಗೆ ನೀರು ತಲುಪಿದೆಯೇ?"

"ಇಲ್ಲ ಅಂತ ತಕರಾರು ಕೊಟ್ಟಾಂವ ನಾನೇ ಅದೀನ್ರಿ..." ಎಂದು ಅಂಬ್ರಪ್ಪ ಶುರು ಮಾಡಿದ. ಅಷ್ಟರಲ್ಲಿ ಹಬ್ಬದ ಧೋತರದ ಮೇಲೆ ಬೆಚ್ಚಗೆ ಏನೋ ಹರಡುತ್ತಿತ್ತು. ಅದು ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಪಾದಕ್ಕೆ ಇಳಿಯಿತು. ಕೂಸು ತಾತನ ಮುಖ ನೋಡಿ ಬೊಚ್ಚು ಬಾಯಲ್ಲಿ ನಕ್ಕಿತು.

ಅಂಬ್ರಪ್ಪ ಬಹಳ ಹೊತ್ತು ತನ್ನ ಪಾದ ನೋಡಿಕೊಂಡ.

"ಬಂತ್ರಿ," ಎಂದ. "ನೀರು ಬಂತು. ಕಡೀ ಮುಟ್ಟ ಬಂತು."

ಚಪ್ಪಾಳೆ ಬಿತ್ತು. ಪರಿವೀಕ್ಷಕರು ಅವನ ಒದ್ದೆ ಧೋತರವನ್ನು ಸ್ವತಃ ಮುಟ್ಟಿ ಪರೀಕ್ಷಿಸಿ, ಹರಿವು ಸಮರ್ಪಕವಾಗಿದೆ ಎಂದು ಘೋಷಿಸಿ ಜೀಪು ಹತ್ತಿದರು. ಎಲ್ಲರೂ ಹೋದ ಮೇಲೆ ಅಂಬ್ರಪ್ಪ ಅಳಿಯನ ಹತ್ತಿರ ಬಂದು, "ಈ ವರ್ಷ ಶೇಂಗಾ ಬ್ಯಾಡ ಬಿಡ್ರಿ ಅಳಿಯಂದ್ರ. ತೊಗರಿ ಹಾಕ್ತೀನಿ. ಅದಕ್ಕ ಮಳಿ ಸಾಕು," ಎಂದು ಮೆಲ್ಲಗೆ ಹೇಳಿದ. ದ್ಯಾವಪ್ಪ ಆ ಸಂಜೆಯೇ ಸುರಪುರಕ್ಕೆ ಹೋಗಿ ಮಾವನಿಗೆ ಹೊಸ ಧೋತರ ಜೋಡಿ ತಂದ. ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಕೊಂಡ ಅವನನ್ನು ಕಂಡು ಲಾಡ್ಲೇಸಾಬ ಗಾಬರಿಯಾಗಿ, "ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ?" ಎಂದು ಎರಡು ಸಲ ಕೇಳಿದ.

ಅಲ್ಲಿಂದ ಮುಂದೆ ಎಲ್ಲವೂ ಕ್ರಮಬದ್ಧವಾಗಿ ನಡೆಯಿತು. ದ್ಯಾವಪ್ಪನ ಮನೆಯ ಮುಂದೆ ಉಪಕಾಲುವೆಯ ಕಲ್ಲು ನೆಡಲಾಯಿತು. ತೊಟ್ಟಿಲಿನ ಬದಲಿ ಹಾಳೆಗೆಂದು ತಿಂಗಳಿಗೊಮ್ಮೆ ಲಾರಿಗಟ್ಟಲೆ ಸುರುಳಿ ಮಂಜೂರಾಗಿ, ಮರಿಲಿಂಗಪ್ಪ ಸಾಹೇಬರ ಮೇಲ್ವಿಚಾರಣೆಯಲ್ಲಿ, ಕ್ಯಾಂಪಿನ ಒಳಗೆ ಬಾರದೆ ನೇರವಾಗಿ ಸಂತೆಗೆ ಹೋಗುತ್ತಿತ್ತು. ಕಾಲುವೆಯ ನೀರು ಬಿಡುವ ಸೌಡಿ ದೇವಿಂದ್ರನನ್ನು ದ್ಯಾವಪ್ಪನ ಬಾಗಿಲಿಗೆ ನೇಮಿಸಲಾಯಿತು. ಅವನು ದಿನಾ ಮುಂಜಾನೆ ಬಂದು, "ಅಕ್ಕಾರ, ನೀರು ಬಿಟ್ಟದೇನ್ರಿ?" ಎಂದು ಕೇಳುವನು. "ಈಗ ಬಿಟ್ಟದ ನೋಡಪ್ಪ" ಎಂದು ದೇವಕಮ್ಮ ಲಂಗೋಟಿ ಹಿಂಡುತ್ತ ಒಳಗಿನಿಂದಲೇ ಕೂಗುವಳು. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು, ಆಮೇಲೆ ರೂಢಿಯಾಯಿತು.

ಅಂಬ್ರಪ್ಪನಂಥ ಅಂಬ್ರಪ್ಪನೇ ನೀರು ಬಂತೆಂದು ಹೇಳಿದ ಮೇಲೆ ಕಡೆಯ ಹೊಲದ ಉಳಿದವರೂ ತಕರಾರು ಬಿಟ್ಟರು. ತಮಗೂ ನ್ಯಾಯವಾಗಿ ಸಲ್ಲಬೇಕಾದ ಪಾಳಿ ಕೊಡಬೇಕೆಂದು ಮಾತ್ರ ಕೇಳಿದರು. ವಾರಾಬಂದಿ ಪ್ರಕಾರ, ಅಂದರೆ ವಾರದ ದಿನಗಳನ್ನು ಹಂಚಿ, ಪಾಳಿ ಗೊತ್ತುಮಾಡಲಾಯಿತು. ಪಾಳಿ ಬಂದ ರೈತ ದೋರನಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ಬಂದು, ಗಂಗಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು, ತೋಯಿಸಿಕೊಂಡು, ನೀರು ತಲುಪಿತೆಂದು ಹೆಬ್ಬೆಟ್ಟು ಒತ್ತಿ ಊರಿಗೆ ಮರಳುತ್ತಿದ್ದ. ಮೇಲಿನ ಹೊಲದವರು ನಡುವೆ ನುಗ್ಗಿ ಎತ್ತಿಕೊಂಡು ನೀರು ಕದಿಯುತ್ತಾರೆಂದು ಜಗಳಗಳೂ ಆದವು. ಬೇಸಿಗೆಯಲ್ಲಿ ಹರಿವು ಕಡಿಮೆಯಾಗಿದೆ ಎಂಬ ದೂರು ಬಂದಾಗ ಕೂಸಿಗೆ ಹೆಚ್ಚು ನೀರು ಕುಡಿಸತಕ್ಕದ್ದೆಂದು ಕಚೇರಿ ಸುತ್ತೋಲೆ ಹೊರಡಿಸಿತು.

ಒಂದು ಮಧ್ಯಾಹ್ನ ದೋರನಹಳ್ಳಿಯ ಮಲ್ಲಣ್ಣ ಏದುಸಿರು ಬಿಡುತ್ತ ಬಂದ. ಬಸ್ಸು ಕೆಟ್ಟು ತಡವಾಗಿತ್ತು.

"ದೇವಿಂದ್ರಾ, ಇವತ್ತು ನಂದು ಪಾಳಿ. ನೀರು ಹೋತೇನೋ?"

ದೇವಿಂದ್ರ ತುಟಿಯ ಮೇಲೆ ಬೆರಳಿಟ್ಟು ತೊಟ್ಟಿಲ ಕಡೆ ನೋಡಿದ.

"ಮೆಲ್ಲಕ ಮಾತಾಡೋ ಅಣ್ಣಾ. ಕಾಲುವಿ ಈಗರೆ ಮಲ್ಕೊಂಡದ. ಎದ್ದ ಮ್ಯಾಲ ಬಿಡ್ತದ."

ಮಲ್ಲಣ್ಣ ಹಂಗೋ ಎಂದು ತಲೆಯಾಡಿಸಿ, ಚಪ್ಪಲಿ ಸಪ್ಪಳ ಮಾಡದೆ ಬಿಚ್ಚಿಟ್ಟು, ಗೋಡೆಯ ನೆರಳಿಗೆ ಕೂತ.